ಉಳಿಕೆ ಕ್ಲೋರಿನ್ ಪರೀಕ್ಷೆಗೆ ಡಿಪಿಡಿ ಮಾತ್ರೆ ಕಿಟ್: ಕೊಳ್ಳುವುದಾದರೆ ಎರಡೂ ಮಾತ್ರೆ ಇರುವುದನ್ನೇ ಕೊಳ್ಳಿ

ನಲ್ಲಿ ನೀರಿನಲ್ಲಿ ಕ್ರಿಮಿ ಕೊಂದ ಮೇಲೂ ಉಳಿದ ಕ್ಲೋರಿನ್ (ಉಳಿಕೆ ಕ್ಲೋರಿನ್) ನೋಡಲು ಬಹಳ ಮಂದಿ ಕೊಳ್ಳುವುದು ಹಳದಿ ಬಣ್ಣ ಬರುವ ಆರ್ಥೋಟಾಲಿಡಿನ್ ಹನಿ ಕಿಟ್. ಅಗ್ಗ, ಸುಲಭ. ಕುಡಿಯುವ ನೀರಿಗೆ ಮಾತ್ರ ಅದನ್ನು ನೆಚ್ಚಬೇಡಿ. ಪೂರೈಕೆ ನಿಂತಾಗ ಕೊಳವೆಯಲ್ಲಿ ಒತ್ತಡ ಇಳಿದು, ಸಡಿಲ ಜಾಯಿಂಟಿನಿಂದ ಒಳಚರಂಡಿ ನೀರು ಒಳನುಗ್ಗಬಹುದು. ಅದರಲ್ಲಿರುವ ಅಮೋನಿಯಾ ಕ್ಲೋರಿನ್ ಜತೆ ಕೂಡಿ ಕ್ಲೋರಮೈನ್ ಆಗುತ್ತದೆ. ಇದರ ಕ್ರಿಮಿನಾಶಕ ಶಕ್ತಿ ತೀರಾ ಕಡಿಮೆ. ಹನಿ ಕಿಟ್ಟಿನಲ್ಲಿ ಇದಕ್ಕೂ ಸ್ವಲ್ಪ ಹೊತ್ತಿನಲ್ಲಿ ಹಳದಿ ಬರುತ್ತದೆ. ನೋಡಿದವರು ನೀರು ಸರಿಯಿದೆ ಎಂದುಕೊಳ್ಳುತ್ತಾರೆ.

ಡಿಪಿಡಿ (ಕ್ಲೋರಿನ್ ಸೇರಿದರೆ ಗುಲಾಬಿಯಾಗುವ ರಾಸಾಯನಿಕ) ಕಿಟ್ ಕ್ಲೋರಿನ್, ಕ್ಲೋರಮೈನ್ ಎರಡನ್ನೂ ಬೇರೆ ಮಾಡಿ ತೋರಿಸುತ್ತದೆ. ನಲ್ಲಿಯನ್ನು ಎರಡು ಮೂರು ನಿಮಿಷ ಹರಿಯಬಿಟ್ಟು ಕಿಟ್ಟಿನ ಟ್ಯೂಬಿನಲ್ಲಿ 10 ಮಿ.ಲೀ. ಹಿಡಿಯಿರಿ. 1ನೇ ನಂಬರ್ ಮಾತ್ರೆಯನ್ನು ಬೆರಳು ತಾಗಿಸದೆ ಹಾಕಿ, ಪುಡಿ ಮಾಡಿ ಕಲಕಿ, ಒಂದು ನಿಮಿಷದೊಳಗೆ ಗುಲಾಬಿ ಬಣ್ಣವನ್ನು ಕಿಟ್ಟಿನ ಬಣ್ಣದ ಮೆಟ್ಟಿಲುಗಳಿಗೆ ಹೋಲಿಸಿ: ಇದು ಮುಕ್ತ ಕ್ಲೋರಿನ್, ಅಂದರೆ ಅಮೋನಿಯಾ ಜತೆ ಕೂಡದೆ ಉಳಿದದ್ದು. ತಡಮಾಡಿದರೆ ಕ್ಲೋರಮೈನ್ ಕೂಡ ಬಣ್ಣ ಕೊಡತೊಡಗುತ್ತದೆ. ಅದೇ ನೀರಿಗೆ 3ನೇ ಮಾತ್ರೆ ಹಾಕಿ ಎರಡು ನಿಮಿಷ ಬಿಟ್ಟರೆ ಒಟ್ಟು ಕ್ಲೋರಿನ್ (ಮುಕ್ತದ್ದೂ ಕ್ಲೋರಮೈನೂ ಸೇರಿ). ನಲ್ಲಿಯಲ್ಲಿ ಮುಕ್ತ ಕ್ಲೋರಿನ್ ಲೀಟರಿಗೆ 0.2 ಮಿ.ಗ್ರಾಂ.ಗಿಂತ ಕಡಿಮೆ ಇರಬಾರದು. ಮುಕ್ತ ಸೊನ್ನೆ, ಒಟ್ಟು 0.5 ಬಂದರೆ ನೀರು ಕುದಿಸಿ ಕುಡಿಯಿರಿ, ಸಂಪಿನ ಹತ್ತಿರದ ಒಳಚರಂಡಿ ಚೇಂಬರ್ ತೆಗೆಸಿ ನೋಡಿ, ಪೂರೈಕೆಯವರಿಗೆ ದೂರು ಕೊಡಿ. (ಪೂರೈಕೆಯವರೇ ಕ್ಲೋರಮೈನ್ ಬಳಸುವ ಊರುಗಳಲ್ಲಿ ಇದು ಸಹಜ.) ಎರಡೂ ಸೊನ್ನೆಯಾದರೆ ಟ್ಯಾಂಕಿನಲ್ಲಿ ನೀರು ಬಹಳ ದಿನ ನಿಂತಿರಬಹುದು, ಮೇನ್ ಲೈನಿನ ನಲ್ಲಿಯಲ್ಲೂ ನೋಡಿ.

ಎಲ್ಲರೂ ಎಡವುವುದು ಟ್ಯೂಬ್ ತೊಳೆಯುವಲ್ಲಿ. 3ನೇ ಮಾತ್ರೆಯಲ್ಲಿ ಪೊಟ್ಯಾಸಿಯಂ ಅಯೋಡೈಡ್ ಇರುತ್ತದೆ. ಅದರ ಲೇಶ ಉಳಿದರೂ ಮುಂದಿನ ಪರೀಕ್ಷೆಯಲ್ಲಿ ಕ್ಲೋರಮೈನ್ ಸಹ ಮುಕ್ತ ಕ್ಲೋರಿನ್ನಿನಂತೆ ಕಾಣುತ್ತದೆ. ಸಾಧ್ಯವಾದರೆ ಎರಡು ಟ್ಯೂಬ್ ಇಟ್ಟುಕೊಳ್ಳಿ. ಬ್ಲೀಚಿಂಗ್ ಹಾಕಿ ಟ್ಯಾಂಕ್ ತೊಳೆದ ಕೂಡಲೇ ಪರೀಕ್ಷಿಸಿದರೆ ಇನ್ನೊಂದು ಮೋಸ: ಕ್ಲೋರಿನ್ ವಿಪರೀತವಿದ್ದಾಗ ಗುಲಾಬಿ ಬಣ್ಣ ಕ್ಷಣ ಮಿಂಚಿ ಮಾಯವಾಗಿ, ಸೊನ್ನೆ ಎಂದು ತೋರುತ್ತದೆ. ಅನುಮಾನವಿದ್ದರೆ ಕ್ಲೋರಿನ್ ಇಲ್ಲದ ನೀರು ಬೆರೆಸಿ ಹತ್ತು ಪಟ್ಟು ತೆಳುಮಾಡಿ ನೋಡಿ, ಬಂದ ಅಂಕಿಯನ್ನು ಹತ್ತರಿಂದ ಗುಣಿಸಿ.

ಕೊರತೆಯೂ ಇದೆ. ಬಣ್ಣದ ಮೆಟ್ಟಿಲುಗಳ ನಡುವಿನ ಮೌಲ್ಯವನ್ನು ಕಣ್ಣಂದಾಜಿನಲ್ಲೇ ಹೇಳಬೇಕು, ಅದೂ ಹಗಲು ಬೆಳಕಿನಲ್ಲಿ. ಮನೆ, ಅಪಾರ್ಟ್‌ಮೆಂಟಿಗೆ ಅಷ್ಟು ಸಾಕು. ಶುದ್ಧೀಕರಣ ಘಟಕಕ್ಕೆ ಫೋಟೋಮೀಟರ್ (ಬೆಳಕು ಹಾಯಿಸಿ ಬಣ್ಣ ಅಳೆಯುವ ಉಪಕರಣ) ಬೇಕು. ಮಾತ್ರೆ ಕೊಳ್ಳುವಾಗ ಸ್ಟ್ರಿಪ್ಪಿನ ಮೇಲೆ 'ರ್ಯಾಪಿಡ್' ಎಂದಿದೆಯೇ, 'ಫೋಟೋಮೀಟರ್' ಎಂದಿದೆಯೇ ಓದಿ. ಬಣ್ಣ ಹೋಲಿಸುವ ಕಿಟ್ಟಿಗೆ ಮೊದಲನೆಯದು. ಅದನ್ನು ಫೋಟೋಮೀಟರಿಗೆ ಹಾಕಿದರೆ ನೀರು ಕದಡಿ ಅಂಕಿ ತಪ್ಪುತ್ತದೆ.