ಕೊಡಗಿನ ಮಳೆಗೆ ಹಳೆಯ ಕ್ರೀಡಾ ಕಾರ್ಡ್: ಯಾವ ಕವರು ಉಳಿಸುತ್ತದೆ, ಯಾವುದು ಕೆಡಿಸುತ್ತದೆ

ಜೂನ್‌ನಲ್ಲಿ ಬೀರುವಿನೊಳಗಿಟ್ಟ ಹಳೆಯ ಕ್ರಿಕೆಟ್ ಕಾರ್ಡನ್ನು ಕೈಲ್‌ಪೊಳ್ದ್ ಹಬ್ಬದ (ಸೆಪ್ಟೆಂಬರ್) ಹೊತ್ತಿಗೆ ತೆಗೆದು ನೋಡಿ. ಬಿಲ್ಲಿನಂತೆ ಬಾಗಿರುತ್ತದೆ, ಅಂಚಿಗೆ ಕಂದು ಚುಕ್ಕೆ ಎದ್ದಿರುತ್ತದೆ, ಮೂಗಿಗೆ ಹಿಡಿದರೆ ಬೂಷ್ಟಿನ ವಾಸನೆ. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿ.ಮೀ. ಮೀರಿ ಮಳೆ ಬೀಳುತ್ತದೆ, ಅದರಲ್ಲಿ ಹೆಚ್ಚಿನದು ನಾಲ್ಕೇ ತಿಂಗಳಲ್ಲಿ. ಬಯಲುಸೀಮೆಯಲ್ಲಿ ಸಾಕಾಗುವ ಕವರು ಇಲ್ಲಿ ಸಾಲದು. ಕಾರ್ಡ್ ಕೊಳ್ಳಲು, ಮಾರಲು ಮೇಳಗಳಿಗೆ ಹೋಗುವವರು ಯಾವ ಕವರು, ಯಾವ ಡಬ್ಬಿ, ಯಾವ ಸಲಕರಣೆಗೆ ದುಡ್ಡು ಹಾಕಬೇಕು, ಯಾವುದನ್ನು ಮುಟ್ಟಲೇಬಾರದು ಎಂಬುದನ್ನು ಇಲ್ಲಿನ ಹವೆಯ ಲೆಕ್ಕದಲ್ಲೇ ತೂಗಿ ನೋಡಬೇಕು.

ಮೊದಲು ಕಾರ್ಡಿನ ಅಳತೆ ತಿಳಿದಿರಲಿ, ಕವರಿನ ಅರ್ಧ ತಪ್ಪು ಅಲ್ಲೇ ಆಗುತ್ತದೆ. ನಾಣ್ಯ, ಅಂಚೆಚೀಟಿ ಮಾರುವ ಮೇಜುಗಳ ಮೂಲೆಯಲ್ಲಿ ಸಿಗುವ ಬ್ರಿಟಿಷರ ಕಾಲದ ಸಿಗರೇಟ್ ಕಾರ್ಡ್ (ಸಿಗರೇಟ್ ಪ್ಯಾಕಿನೊಳಗೆ ಬರುತ್ತಿದ್ದ ಚಿತ್ರದ ಕಾರ್ಡ್) ಸುಮಾರು 68 × 36 ಮಿ.ಮೀ. ಜಾನ್ ಪ್ಲೇಯರ್ ಸಿಗರೇಟ್ ಕಂಪನಿ 1930, 1934 ಮತ್ತು 1938ರಲ್ಲಿ ತಲಾ 50 ಕಾರ್ಡುಗಳ ಕ್ರಿಕೆಟಿಗರ ಸೆಟ್ ಹೊರಡಿಸಿತ್ತು. ಆಸ್ಟ್ರೇಲಿಯಾದ ಫ್ಯೂಟೆರಾ 1990ರ ದಶಕದಲ್ಲಿ ತಂದ ನುಣುಪು ಕ್ರಿಕೆಟ್ ಕಾರ್ಡುಗಳು, ಆಮೇಲಿನ ಕ್ರಿಕೆಟ್ ಅಟ್ಯಾಕ್ಸ್, ಇವೆಲ್ಲ ಸುಮಾರು 64 × 89 ಮಿ.ಮೀ. ಬಬಲ್‌ಗಮ್ ಜೊತೆ ಬರುತ್ತಿದ್ದ, ರನ್ನು ಕೂಡಿಸಿ ಬಹುಮಾನ ತೆಗೆದುಕೊಳ್ಳುತ್ತಿದ್ದ ಬಿಗ್ ಫನ್ ಚೀಟಿಗಳು ಇನ್ನೊಂದು ಬಗೆ. ಮಕ್ಕಳ ಕಿಸೆಯಲ್ಲಿ ಓಡಾಡಿದ ಕಾಗದ ಅದು. ಮೂಲೆ ಗಟ್ಟಿಯಾಗಿ ಉಳಿದದ್ದು ಕಂಡರೆ ಬಿಡಬೇಡಿ.

ಪೆನ್ನಿ ಸ್ಲೀವ್ ಎಂದು ಕರೆಯುವ ತೆಳು ಕವರಿಗೆ ಪೂರ್ಣ ಅಂಕ ಕೊಡಬಹುದು. ಒಂದಕ್ಕೆ ಒಂದೆರಡು ರೂಪಾಯಿ, ನೂರರ ಕಟ್ಟಿನಲ್ಲಿ ಬರುತ್ತದೆ, ಪಾಲಿಪ್ರೊಪಿಲೀನಿನದು. ಕಾರ್ಡ್ ತುರುಕುವಾಗ ಮೂಲೆ ಮಡಚಿಕೊಳ್ಳುವುದು ಇದರ ಒಂದೇ ಕಾಟ. ಸ್ಲೀವಿನ ಬಾಯಿಯ ಒಂದು ತುದಿಯನ್ನು ಕತ್ತರಿಯಿಂದ 3 ಮಿ.ಮೀ.ನಷ್ಟು ಓರೆಯಾಗಿ ಸೀಳಿಕೊಂಡರೆ ಕಾರ್ಡ್ ಸಲೀಸಾಗಿ ಇಳಿಯುತ್ತದೆ. ಸಿಗರೇಟ್ ಕಾರ್ಡನ್ನು ಮಾತ್ರ ಈ ಅಳತೆಯ ಸ್ಲೀವಿಗೆ ಹಾಕಬೇಡಿ. ಒಳಗೆ ಜಾರಾಡಿ ಮೂಲೆ ಸವೆಯುತ್ತದೆ. ಅದಕ್ಕೆಂದೇ ಹತ್ತು ಕಿಸೆಯ ಹಾಳೆಗಳು ಬರುತ್ತವೆ.

ಬಾಕ್ಸಿನ ಮೇಲೆ ಪಾಲಿಪ್ರೊಪಿಲೀನ್ ಎಂದು ಅಚ್ಚಾಗಿದ್ದ ಮಾತ್ರಕ್ಕೆ ನಂಬಬೇಕಿಲ್ಲ. ಒಂದು ಸ್ಲೀವಿನಿಂದ ಉಗುರಿನಷ್ಟು ತುಂಡು ಕತ್ತರಿಸಿ, ಸೋಪಿನ ಹನಿ ಬೆರೆಸಿದ ಲೋಟದ ನೀರಿಗೆ ಹಾಕಿ, ಅಂಟಿದ ಗಾಳಿಗುಳ್ಳೆ ಬಿಡುವಂತೆ ಬೆರಳಿಂದ ಒತ್ತಿ ಮುಳುಗಿಸಿ. ಪಾಲಿಪ್ರೊಪಿಲೀನ್ ನೀರಿಗಿಂತ ಹಗುರ, ಮತ್ತೆ ಮೇಲೆ ಬರುತ್ತದೆ. ಪಿವಿಸಿ ತಳಕ್ಕೆ ಹೋಗಿ ಕೂರುತ್ತದೆ. ಪಾಲಿಯೆಸ್ಟರ್ ಕೂಡ ಮುಳುಗುತ್ತದೆ, ಆದರೆ ಅದು ಗರಿಗರಿ ಸದ್ದು ಮಾಡುವ ಗಟ್ಟಿ ಹಾಳೆ, ಕಾರ್ಡಿಗೆ ಕೆಡುಕಲ್ಲ. ಮೆತ್ತಗಿದ್ದು, ವಾಸನೆ ಹೊಡೆದು, ಮುಳುಗುವುದನ್ನು ಮಾತ್ರ ಬಿಟ್ಟುಬಿಡಿ.

ಆ ಮೆತ್ತನೆಯ ಪಿವಿಸಿಯ ಬಗ್ಗೆ ಬಿಗಿಯಾಗಿಯೇ ಹೇಳಬೇಕು. ಸ್ಟೇಷನರಿ ಅಂಗಡಿಯ ನಾಣ್ಯದ ಆಲ್ಬಮ್, ಹಳೆಯ ಫೋಟೊ ಆಲ್ಬಮ್, ವಿಸಿಟಿಂಗ್ ಕಾರ್ಡ್ ಪುಸ್ತಕ, ಇವುಗಳಲ್ಲಿ ಹೆಚ್ಚಿನವು ಅದರಲ್ಲೇ ಮಾಡಿದವು. ಹಾಳೆ ಬಾಗಲೆಂದು ಸೇರಿಸಿದ ಎಣ್ಣೆಯಂಥ ಪದಾರ್ಥ ವರ್ಷ ಕಳೆದಂತೆ ಹೊರಬಂದು ಜಿಗುಟಾಗುತ್ತದೆ, ಕಾರ್ಡಿನ ಶಾಯಿಯನ್ನು ಎಳೆದುಕೊಳ್ಳುತ್ತದೆ. ಸೆಕೆ ಮತ್ತು ತೇವ ಎರಡೂ ಕೂಡಿದಲ್ಲಿ ಇದು ಬೇಗ ಆಗುತ್ತದೆ. ಹಸ್ತಾಕ್ಷರ ಇರುವ ಕಾರ್ಡಾದರೆ ನಷ್ಟ ಇನ್ನೂ ದೊಡ್ಡದು, ಬಾಲ್‌ಪೆನ್ನಿನ ಸಹಿ ಕಿಸೆಯ ಹಾಳೆಗೆ ಹತ್ತಿಕೊಂಡು ಕಾರ್ಡಿನ ಮೇಲೆ ಮಸುಕಾಗುತ್ತದೆ.

ಕೊಡಗಿನಲ್ಲಿ ಸಹಿಯ ಮಾತು ಸಣ್ಣದಲ್ಲ. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಹಾಕಿ ಕಂಚು ಗೆದ್ದ ಎಂ.ಪಿ. ಗಣೇಶ್, 1975ರಲ್ಲಿ ಕ್ವಾಲಾಲಂಪುರದಲ್ಲಿ ವಿಶ್ವಕಪ್ ಎತ್ತಿದ ತಂಡದ ಬಿ.ಪಿ. ಗೋವಿಂದ, 1980ರ ಮಾಸ್ಕೋ ಚಿನ್ನದ ತಂಡದ ಎಂ.ಎಂ. ಸೋಮಯ್ಯ, ಇವರ ಸಹಿ ಇರುವ ಫೋಟೊ, ಅಂಚೆ ಲಕೋಟೆ, ಆಟೋಗ್ರಾಫ್ ಪುಸ್ತಕದ ಹಾಳೆ ಮನೆಮನೆಗಳಲ್ಲಿ ಇರಬಹುದಾದ ನಾಡು ಇದು. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪ ಶುರುಮಾಡಿದ ಕೊಡವ ಕುಟುಂಬಗಳ ಹಾಕಿ ಹಬ್ಬಕ್ಕೆ ಸೇರಿದ ಕಾಗದಗಳೂ ಈಗ ಸಂಗ್ರಹದ ವಸ್ತುವೇ. ಆ ಮೊದಲ ವರ್ಷ ಆಡಿದ್ದು 60 ಕುಟುಂಬ, 2024ರಲ್ಲಿ 360 ತಂಡ. ಹಾಗಾಗಿ ಶುರುವಿನ ವರ್ಷಗಳ ಪಟ್ಟಿ, ಪಾಸು, ತಂಡದ ಫೋಟೊ ಸಿಕ್ಕರೆ ರದ್ದಿಗೆ ಹಾಕಬೇಡಿ. ಸ್ಟೇಪ್ಲರ್ ಪಿನ್ ಇದ್ದರೆ ಮೊದಲು ಅದನ್ನು ಬಿಡಿಸಿ. ತುಕ್ಕಿನ ಕಲೆ ಒಮ್ಮೆ ಕಾಗದಕ್ಕೆ ಇಳಿದರೆ ತೆಗೆಯಲಾಗದು. ಫೌಂಟನ್ ಪೆನ್ನಿನ ಸಹಿ ತೇವಕ್ಕೆ ಹರಡುತ್ತದೆ, ಅದಕ್ಕೆ ಪಾಲಿಯೆಸ್ಟರ್ ಕವರೇ ಸರಿ.

ಟಾಪ್‌ಲೋಡರ್ ಗಟ್ಟಿ ಪ್ಲಾಸ್ಟಿಕ್ಕಿನ ಕವರು, ಹೊರ ಅಳತೆ 3 × 4 ಇಂಚು. ಇದೂ ಪಿವಿಸಿಯದೇ, ಆದರೆ ಮೃದುಕಾರಕ ಸೇರಿಸದ ಗಟ್ಟಿ ಬಗೆ, ಆದ್ದರಿಂದ ಆ ಭಯ ಇಲ್ಲ. ಹಾಗಿದ್ದರೂ ಕಾರ್ಡನ್ನು ಬರಿಮೈಯಲ್ಲಿ ಒಳಗೆ ಹಾಕಬಾರದು. ಒಳಗಿನ ಅಂಚು ಗೀರು ಹಾಕುತ್ತದೆ, ಮೊದಲು ಸ್ಲೀವ್, ಆಮೇಲೆ ಟಾಪ್‌ಲೋಡರ್. 35 ಪಾಯಿಂಟ್ ಎಂದಿರುವುದು ಸಾಮಾನ್ಯ ಕಾರ್ಡಿಗೆ ಸಾಕು (ಒಂದು ಪಾಯಿಂಟ್ ಅಂದರೆ ಇಂಚಿನ ಸಾವಿರದ ಒಂದು ಭಾಗ, ಸಾಮಾನ್ಯ ಕಾರ್ಡ್ ಸುಮಾರು 20 ಪಾಯಿಂಟ್). ಸಾಗಾಟಕ್ಕೆ, ಮೇಜಿನ ಮೇಲೆ ಜನರ ಕೈಗೆ ಕೊಡಲು ಇದಕ್ಕಿಂತ ಒಳ್ಳೆಯದು ಇಲ್ಲ. ತೊಂದರೆ ಇರುವುದು ತೆರೆದ ಬಾಯಲ್ಲಿ. ಮಳೆಗಾಲದ ಗಾಳಿ ನೇರ ಒಳಹೊಗುತ್ತದೆ. ಟೀಮ್ ಬ್ಯಾಗ್ ಎಂಬ, ಅಂಟುಪಟ್ಟಿ ಇರುವ ತೆಳು ಚೀಲದಲ್ಲಿ ಮುಚ್ಚಿದರೆ ದೂಳು, ಹನಿ ತಡೆಯಬಹುದು, ತೇವದ ಗಾಳಿಯನ್ನು ಪೂರ್ತಿ ತಡೆಯಲಾಗದು. ಅದಕ್ಕೆ ಡಬ್ಬಿಯೇ ಬೇಕು.

ಆಯಸ್ಕಾಂತದಿಂದ ಮುಚ್ಚಿಕೊಳ್ಳುವ ಅಕ್ರಿಲಿಕ್ ಕೇಸು ಚೆಂದ, ಮೇಜಿನ ಮೇಲೆ ಇಟ್ಟರೆ ಗಿರಾಕಿ ನಿಂತು ನೋಡುತ್ತಾನೆ. ದುಬಾರಿ ಬೆಲೆಗೆ ಅಷ್ಟೇ ಉಪಯೋಗ. ಗಾಳಿ ಬಿಗಿಯಲ್ಲ, ತೆಳು ಕಾರ್ಡ್ ಒಳಗೆ ಅಲ್ಲಾಡುತ್ತದೆ, ನುಣುಪು ಕಾರ್ಡ್ ತೇವ ಕುಡಿದರೆ ಅಕ್ರಿಲಿಕ್ಕಿಗೆ ಅಂಟುವ ಅಪಾಯವಿದೆ. ಪ್ರದರ್ಶನದ ದಿನ ಹಾಕಿ, ಸಂಜೆ ತೆಗೆದುಬಿಡಿ. ಒಂಬತ್ತು ಕಿಸೆಯ ಹಾಳೆ, ಬೈಂಡರ್ ಸಾಮಾನ್ಯ ಕಾರ್ಡುಗಳಿಗೆ ಪರವಾಗಿಲ್ಲ. ಉಂಗುರ ಡಿ ಆಕಾರದ್ದೇ ಇರಲಿ, ದುಂಡು ಉಂಗುರ ಒಳಸಾಲಿನ ಕಾರ್ಡುಗಳನ್ನು ಒತ್ತಿ ಗುರುತು ಮೂಡಿಸುತ್ತದೆ. ಬೈಂಡರನ್ನು ನೆಟ್ಟಗೆ ನಿಲ್ಲಿಸಿಡಿ.

ಇನ್ನು ಡಬ್ಬಿ. ಇಡೀ ಖರ್ಚಿನಲ್ಲಿ ಮೊದಲು ದುಡ್ಡು ಹಾಕಬೇಕಾದದ್ದು ಇದಕ್ಕೆ. ಕಾಫಿಯ ತೇವಾಂಶ ಅಳೆಯದೆ ಚೀಲ ಕಟ್ಟದ ಊರಿನಲ್ಲಿ ಕಾರ್ಡನ್ನು ಮಾತ್ರ ಅಂದಾಜಿನ ಮೇಲೆ ಬಿಡುವುದು ಸರಿಯಲ್ಲ. ಮುಚ್ಚಳದ ಸುತ್ತ ರಬ್ಬರ್ ಇದ್ದು ನಾಲ್ಕೂ ಬದಿ ಕ್ಲಿಪ್ ಬೀಳುವ, 5 ಲೀಟರಿನ ಅಡುಗೆಮನೆ ಡಬ್ಬಿ ಸಾಕು. ಒಳಗೆ 100 ಗ್ರಾಂ ಸಿಲಿಕಾ ಜೆಲ್, ಒಂದು ಸಣ್ಣ ಡಿಜಿಟಲ್ ತೇವಾಂಶ ಮಾಪಕ. ಶೇ. 40ರಿಂದ 50 ಇರಬೇಕು. 65 ದಾಟಿ ನಿಂತರೆ ಬೂಷ್ಟು ಬರುತ್ತದೆ, 30ಕ್ಕಿಂತ ಇಳಿದರೆ ಕಾರ್ಡ್ ಒಣಗಿ ಇನ್ನೊಂದು ಕಡೆಗೆ ಬಾಗುತ್ತದೆ.

ಅಗ್ಗದ ಮಾಪಕ ಐದಾರು ಅಂಶ ತಪ್ಪು ತೋರಿಸುವುದುಂಟು. ಬಾಟಲಿ ಮುಚ್ಚಳದಲ್ಲಿ ಪುಡಿ ಉಪ್ಪು ಹಾಕಿ, ಒದ್ದೆ ಮರಳಿನಂತೆ ಆಗುವಷ್ಟೇ ನೀರು ಬಿಟ್ಟು, ಮಾಪಕದ ಜೊತೆ ಜಿಪ್ ಕವರಿನಲ್ಲಿ ಹನ್ನೆರಡು ಗಂಟೆ ಮುಚ್ಚಿಡಿ. 75 ತೋರಿಸಬೇಕು. 80 ತೋರಿಸಿದರೆ ಮುಂದೆ ಐದು ಕಳೆದು ಓದಿಕೊಳ್ಳಿ.

ಜೆಲ್ಲಿನಲ್ಲಿ ಎಲ್ಲರೂ ಎಡವುವುದು ಪ್ರಮಾಣದಲ್ಲಿ. ಒಂದು ಸಾಮಾನ್ಯ ಕಾರ್ಡ್ ಸುಮಾರು 1.8 ಗ್ರಾಂ, ಅಂದರೆ 550 ಕಾರ್ಡ್ ಒಂದು ಕಿಲೋ. ಮಳೆಗಾಲದ ತೇವ ಕುಡಿದ ಒಂದು ಕಿಲೋ ಕಾಗದ ಸರಿಯಾದ ಹದಕ್ಕೆ ಬರಬೇಕಾದರೆ 50 ಗ್ರಾಂನಷ್ಟು ನೀರು ಬಿಡಬೇಕಾಗುತ್ತದೆ. 100 ಗ್ರಾಂ ಜೆಲ್ ಆ ಹದದಲ್ಲಿ ಹೀರುವುದು 20–25 ಗ್ರಾಂ ಅಷ್ಟೇ. ಹಾಗಾಗಿ ಜುಲೈಯಲ್ಲಿ ಡಬ್ಬಿ ತುಂಬಿಸಿ ಒಂದು ಪೊಟ್ಟಣ ಹಾಕಿ ಮರೆತರೆ ಪ್ರಯೋಜನವಿಲ್ಲ. ಮೊದಲ ಎರಡು ವಾರದಲ್ಲಿ ಎರಡು ಮೂರು ಸಲ ಜೆಲ್ ಬದಲಿಸಬೇಕು. ಅದಕ್ಕಿಂತ ಜಾಣತನ ಎಂದರೆ ಮಾರ್ಚ್ ತಿಂಗಳ ಒಣಹವೆಯಲ್ಲೇ ತುಂಬಿಸಿ ಮುಚ್ಚುವುದು. ಬಣ್ಣ ನೋಡುವ ಬದಲು ತೂಕ ನೋಡಿ: 100 ಗ್ರಾಂ 120 ಆಯಿತೆಂದರೆ ಒಣಗಿಸುವ ಹೊತ್ತು. 120 ಡಿಗ್ರಿ ಸೆಲ್ಸಿಯಸ್ ಓವನ್ನಿನಲ್ಲಿ ಎರಡು ಗಂಟೆ ಬೇಕು. ಬಿಸಿಲಿಗಿಟ್ಟರೆ ಪೂರ್ತಿ ಒಣಗುವುದಿಲ್ಲ, ಒಲೆಯ ಮೇಲಿನ ಅಟ್ಟದಲ್ಲಿಟ್ಟರೆ ಹೊಗೆ ಹಿಡಿಯುತ್ತದೆ. ನೀಲಿಯಿಂದ ಗುಲಾಬಿಗೆ ತಿರುಗುವ ಜೆಲ್ಲಿನಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುತ್ತದೆ, ಅದು ವಿಷ. ಅಡುಗೆಯ ಪಾತ್ರೆಗೆ ಹಾಕಬೇಡಿ, ಕಿತ್ತಳೆಯಿಂದ ಹಸಿರಿಗೆ ತಿರುಗುವುದನ್ನು ಕೇಳಿ ತೆಗೆದುಕೊಳ್ಳಿ.

ತೇವ ಹೀರುವ ವಿದ್ಯುತ್ ಯಂತ್ರ ಕೊಳ್ಳಬೇಕೇ? ಮಳೆ ಜೋರಾದಾಗಲೇ ಕರೆಂಟು ಹೋಗುವ ಕಡೆ ಅದನ್ನು ನೆಚ್ಚಿಕೊಳ್ಳಲಾಗದು. ಬೀರುವಿನೊಳಗೆ ಬಲ್ಬ್ ಉರಿಸಿಡುವ ಹಳೆಯ ರೂಢಿ ಬಟ್ಟೆಗೆ ಕೆಲಸ ಮಾಡುತ್ತಿದ್ದುದು ಬಲ್ಬಿನ ಶಾಖದಿಂದ. ಎಲ್‌ಇಡಿಗೆ ಆ ಶಾಖವಿಲ್ಲ, ಅದರ ಬೆಳಕಿನಿಂದ ಕಾರ್ಡಿಗೆ ಲಾಭವೂ ಇಲ್ಲ.

ಜಾನ್ ಪ್ಲೇಯರ್ ಕಂಪನಿಯ ಕಾರ್ಡುಗಳಿಗೆ ಬೇರೆಯೇ ಎಚ್ಚರ ಬೇಕು. 1930ರ ದಶಕದ ಅವರ ಅನೇಕ ಸೆಟ್ಟುಗಳ ಹಿಂಬದಿಗೆ, ಆಲ್ಬಮ್ಮಿಗೆ ನೇರ ಅಂಟಿಸಲೆಂದು, ಅಂಚೆಚೀಟಿಯಂತೆ ಗೋಂದು ಸವರಿರುತ್ತಿತ್ತು. ನಮ್ಮ ಆಗಸ್ಟ್ ತಿಂಗಳ ಗಾಳಿಯ ತೇವವೇ ಅದನ್ನು ಎಬ್ಬಿಸಲು ಸಾಕು, ಒಂದರ ಮೇಲೊಂದು ಇಟ್ಟ ಹತ್ತು ಕಾರ್ಡ್ ಒಂದೇ ಇಟ್ಟಿಗೆಯಾಗುತ್ತದೆ. ಹಾಗಾದದ್ದನ್ನು ಕೈಯಿಂದ ಕೀಳಬೇಡಿ, ಮೇಲಿನ ಕಾರ್ಡಿನ ಬೆನ್ನಿಗೆ ಕೆಳಗಿನ ಕಾರ್ಡಿನ ಮುಖ ಹತ್ತಿ ಬರುತ್ತದೆ. ಜೆಲ್ ಡಬ್ಬಿಯಲ್ಲಿ ಒಂದೆರಡು ವಾರ ಒಣಗಲು ಬಿಡಿ, ತಾನಾಗಿ ಸಡಿಲವಾದದ್ದಷ್ಟೇ ಉಳಿಯಿತೆಂದು ಲೆಕ್ಕ. 90ರ ದಶಕದ ನುಣುಪು ಕಾರ್ಡುಗಳಿಗೂ ಇದೇ ಗತಿ, ಅಲ್ಲಿ ಅಂಟುವುದು ಮೇಲಿನ ಹೊಳಪಿನ ಲೇಪ.

ಮೇಳಕ್ಕೆ ಕೊಳ್ಳಲು ಹೋಗುವವರು ಕಿಸೆಯಲ್ಲಿ ಇಟ್ಟುಕೊಳ್ಳಬೇಕಾದದ್ದು ಮೂರು: ಹತ್ತು ಪಟ್ಟು ತೋರಿಸುವ ಭೂತಗನ್ನಡಿ, ಅರ್ಧ ಮಿ.ಮೀ. ಗೆರೆಯಿರುವ ಉಕ್ಕಿನ ಸ್ಕೇಲು, 365 ನ್ಯಾನೋಮೀಟರಿನ ನೇರಳಾತೀತ ಟಾರ್ಚು. ಟಾರ್ಚೇ ಹೆಚ್ಚು ದುಡ್ಡು ಉಳಿಸುತ್ತದೆ. ಕಾಗದವನ್ನು ಬೆಳ್ಳಗೆ ಹೊಳೆಯಿಸುವ ರಾಸಾಯನಿಕ ಬಳಕೆಗೆ ಬಂದದ್ದು ಎರಡನೇ ಮಹಾಯುದ್ಧದ ನಂತರ. 1938ರದು ಎಂದು ಕೊಡುವ ಕಾರ್ಡ್ ಕತ್ತಲಲ್ಲಿ ನೀಲಿಯಾಗಿ ಹೊಳೆದರೆ ಅದು ಆ ಕಾಲದ ಕಾಗದವಲ್ಲ. ಸ್ಲೀವ್ ತೆಗೆದೇ ನೋಡಿ. ಅಲ್ಲಲ್ಲಿ ಮಚ್ಚೆಯಂತೆ ಹೊಳೆದರೆ ಬಟ್ಟೆ ಸೋಪಿನ ಸೋಂಕೂ ಇರಬಹುದು, ಇಡೀ ಮೈ ಹೊಳೆದರೆ ಮಾತಿಲ್ಲ. ಭೂತಗನ್ನಡಿಯಲ್ಲಿ ಅಕ್ಷರ ನೋಡಿ: ಅಸಲಿನಲ್ಲಿ ಕಪ್ಪು ಅಕ್ಷರ ತುಂಬು ಶಾಯಿ, ಅಂಚು ಚೊಕ್ಕ. ಸ್ಕ್ಯಾನ್ ಮಾಡಿ ಅಚ್ಚು ಹಾಕಿದ್ದರಲ್ಲಿ ಅಕ್ಷರವೂ ಬಣ್ಣಬಣ್ಣದ ಚುಕ್ಕೆಗಳಾಗಿ ಒಡೆದಿರುತ್ತದೆ. ಸವೆದ ಅಂಚನ್ನು ಕತ್ತರಿಸಿ ಹೊಸದಾಗಿಸಿದ್ದು ಸ್ಕೇಲಿಗೆ ಸಿಗುತ್ತದೆ. ಅದೇ ಸೆಟ್ಟಿನ ಇನ್ನೂ ನಾಲ್ಕೈದು ಕಾರ್ಡ್ ಪಕ್ಕಕ್ಕಿಟ್ಟು ಅಳೆಯಿರಿ, ಕಾರ್ಖಾನೆಯ ಕತ್ತರಿಯೇ ಸ್ವಲ್ಪ ಏರುಪೇರು ಇರುತ್ತಿತ್ತು.

ಬೆಲೆ ಕಟ್ಟುವಾಗ ಬಾಗು ಮತ್ತು ಬೂಷ್ಟನ್ನು ಒಂದೇ ತಕ್ಕಡಿಯಲ್ಲಿ ಹಾಕಬೇಡಿ. ಬಾಗಿದ ಕಾರ್ಡ್ ಸರಿಯಾದ ತೇವಾಂಶದಲ್ಲಿ ತಿಂಗಳಿದ್ದರೆ ಬಹುಮಟ್ಟಿಗೆ ನೆಟ್ಟಗಾಗುತ್ತದೆ, ಅದನ್ನು ಚೌಕಾಸಿ ಮಾಡಿ ಕೊಳ್ಳಬಹುದು. ಕಂದು ಚುಕ್ಕೆ, ರಬ್ಬರ್ ಬ್ಯಾಂಡಿನ ಕಚ್ಚು, ಸೆಲ್ಲೊಟೇಪಿನ ಹಳದಿ ಕಲೆ, ಆಲ್ಬಮ್ಮಿನಿಂದ ಕಿತ್ತ ಬೆನ್ನು, ಇವು ಹೋಗುವುದಿಲ್ಲ. ಬೂಷ್ಟಿನ ವಾಸನೆ ಇರುವ ಕಾರ್ಡ್ ಕೊಂಡರೆ ಬೇರೆ ಡಬ್ಬಿಯಲ್ಲಿಟ್ಟು ಒಣಗಿಸಿ, ಮಾಸ್ಕ್ ಹಾಕಿಕೊಂಡು ಹೊರಗೆ ಮೆದು ಬ್ರಷ್ಷಿನಿಂದ ಝಾಡಿಸಿ. ಹಸಿಯಿರುವಾಗ ಒರೆಸಿದರೆ ಕಲೆ ಒಳಗಿಳಿಯುತ್ತದೆ.

ಮಾರುವವರಿಗೆ: ಮೇಜು ಹಾಕಲು ಪುತ್ತರಿ ಹಬ್ಬ (ನವೆಂಬರ್–ಡಿಸೆಂಬರ್) ಕಳೆದ ಮೇಲಿಂದ ಏಪ್ರಿಲ್‌ವರೆಗೆ ಒಳ್ಳೆಯ ಹವೆ. ಬೆಲೆಯನ್ನು ಆನ್‌ಲೈನಿನಲ್ಲಿ ಯಾರೋ ಕೇಳುತ್ತಿರುವ ಮೊತ್ತ ನೋಡಿ ಬರೆಯಬೇಡಿ, ಮಾರಾಟ ಮುಗಿದ ಬೆಲೆ ನೋಡಿ. ವ್ಯಾಪಾರಿಗೇ ಒಟ್ಟಾಗಿ ಕೊಡುವುದಾದರೆ ಅದರ ಅರ್ಧದಿಂದ ಮುಕ್ಕಾಲಿನೊಳಗೆ ಸಿಗುತ್ತದೆ, ಅದಕ್ಕೆ ಮುನಿಸಿಕೊಳ್ಳಬೇಕಿಲ್ಲ, ಅವನ ದುಡ್ಡು ತಿಂಗಳುಗಟ್ಟಲೆ ಕಟ್ಟಿಬೀಳುತ್ತದೆ. ಕಾರ್ಡಿನ ದೋಷವನ್ನು ಬೆಲೆಚೀಟಿಯ ಮೇಲೇ ಬರೆಯಿರಿ. ಚೀಟಿ ಅಂಟಿಸುವುದು ಟಾಪ್‌ಲೋಡರಿಗೆ, ಸ್ಲೀವಿಗಲ್ಲ.

ಅಂಚೆಯಲ್ಲಿ ಕಳಿಸುವಾಗ ಸ್ಲೀವ್, ಟಾಪ್‌ಲೋಡರ್, ಟೀಮ್ ಬ್ಯಾಗ್, ಎರಡು ಬದಿ ರಟ್ಟು, ಅದರ ಮೇಲೊಂದು ಜಿಪ್ ಕವರು, ಆಮೇಲೆ ಲಕೋಟೆ. ಟಾಪ್‌ಲೋಡರಿನ ಬಾಯಿಗೆ ಪೇಂಟರುಗಳು ಬಳಸುವ ಕಾಗದದ ಟೇಪ್ ಹಾಕಿ, ತುದಿಯನ್ನು ಒಂದು ಸೆಂಟಿಮೀಟರ್ ಒಳಮಡಚಿ ಬಿಡಿ. ಕೊಂಡವರು ಅದನ್ನು ಹಿಡಿದು ಎಳೆದರೆ ಸಾಕು, ಬ್ಲೇಡು ಹಾಕಿ ಕಾರ್ಡಿನ ಮೂಲೆ ಕೊಯ್ಯುವ ಪ್ರಸಂಗ ಬರುವುದಿಲ್ಲ.