ಕಿವಿಯೊಳಗಿನದಾ, ಕಿವಿ ಹಿಂದಿನದಾ? ಮೂರು ನಮೂನೆಯ ಕಿವಿ ಮಿಷನ್ ಹಾಕಿ ನೋಡಿದ್ದೇನೆ

ನನ್ನ ಕಿವುಡು ಹೇಗಿದೆ ಅಂತ ಮೊದಲು ಹೇಳಿಬಿಡುತ್ತೇನೆ. ಅದು ಗೊತ್ತಿಲ್ಲದೆ ಯಾವ ಮಿಷನ್ ಒಳ್ಳೆಯದು ಅಂದರೂ ಅರ್ಥವಿಲ್ಲ. ದಪ್ಪ ಶಬ್ದ ಸುಮಾರಾಗಿ ಕೇಳುತ್ತದೆ. ತೆಳು ಶಬ್ದ ಕೇಳುವುದಿಲ್ಲ. ಆಡಿಯೋಗ್ರಾಮ್ ಅಂದರೆ ಕಿವಿ ಪರೀಕ್ಷೆಯ ನಕ್ಷೆ; ಅದರಲ್ಲಿ ಶಬ್ದ ತೆಳುವಾದಷ್ಟು ಹರ್ಟ್ಜ್ ಜಾಸ್ತಿ, ಕಿವುಡು ಹೆಚ್ಚಾದಷ್ಟು ಡೆಸಿಬೆಲ್ ಜಾಸ್ತಿ. ನನ್ನದರಲ್ಲಿ 1,000 ಹರ್ಟ್ಜ್‌ವರೆಗೆ 30 ಡೆಸಿಬೆಲ್, ಆಮೇಲೆ ಗೆರೆ ಗುಡ್ಡ ಇಳಿದ ಹಾಗೆ ಇಳಿದು 4,000ಕ್ಕೆ ಬರುವಾಗ 65. ಅಂದರೆ ಮಾತು ಕೇಳುತ್ತದೆ, ಆದರೆ ಸ, ಶ, ಫ ಎಲ್ಲ ಉದುರಿಹೋಗಿರುತ್ತದೆ. ತೋಟಕ್ಕೆ ಮದ್ದು ಬಿಡುವ ದಿನ ಕೆಲಸದವ "ಸುಣ್ಣ ಸಾಕಾ?" ಅಂತ ಕೇಳಿದ್ದು ನನಗೆ ಸ ಉದುರಿ ಉಣ್ಣುವ ಮಾತಾಗಿ ಕೇಳಿ, ನಾನು "ಗಂಟೆ ಹತ್ತು, ಈಗೆಂಥ ಊಟ" ಅಂದಿದ್ದೆ. ಅವ ಇಡೀ ಊರಿಗೆ ಹೇಳಿಕೊಂಡು ಬಂದ.

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ನಮ್ಮದು ಅಡಿಕೆ ತೋಟ. ಎರಡು ವರ್ಷದ ಹಿಂದೆ ಮೊದಲು ತೆಗೆದುಕೊಂಡದ್ದು ಸಿಐಸಿ, ಪೂರ್ತಿ ಕಿವಿಯ ಒಳಗೇ ಕೂರುವಂಥದ್ದು. ಭಾವನ ಸಲಹೆ. "ಯಾರಿಗೂ ಕಾಣುವುದಿಲ್ಲ ಮಾರಾಯ" ಅಂದರು. ಕಾಣಲಿಲ್ಲ, ನಿಜ. ಮುಟ್ಟಾಳೆ (ಅಡಿಕೆ ಹಾಳೆಯ ಟೊಪ್ಪಿ) ಇಟ್ಟರೂ ಅಡ್ಡವಿಲ್ಲ, ಹೆಲ್ಮೆಟ್‌ಗೂ ಅಡ್ಡವಿಲ್ಲ, ಫೋನನ್ನು ಮೊದಲಿನ ಹಾಗೇ ಕಿವಿಗೆ ಹಿಡಿಯಬಹುದು. ಆದರೆ ಕಿವಿ ಪೂರಾ ಮುಚ್ಚುತ್ತದಲ್ವಾ, ನನ್ನ ಸ್ವರವೇ ನನಗೆ ಕೊಡಪಾನದೊಳಗೆ ತಲೆ ಹಾಕಿ ಮಾತಾಡಿದ ಹಾಗೆ. ಹಲಸಿನ ಹಪ್ಪಳ ತಿಂದರಂತೂ ತಲೆಯೊಳಗೆ ಯಾರೋ ಸೌದೆ ಒಡೆದ ಹಾಗೆ. ದಪ್ಪ ಶಬ್ದ ಚೆನ್ನಾಗಿ ಕೇಳುವವರಿಗೆ ಈ ಕಿರಿಕಿರಿ ಜಾಸ್ತಿಯಂತೆ. ಅದನ್ನು ಕೊಳ್ಳುವ ಮೊದಲು ಯಾರೂ ಹೇಳಲಿಲ್ಲ. ಬ್ಯಾಟರಿ 10 ನಂಬರಿನದ್ದು, ಹಳದಿ ಸ್ಟಿಕ್ಕರ್, ಮೆಣಸಿನ ಕಾಳಿಗಿಂತ ಸ್ವಲ್ಪ ದೊಡ್ಡದು ಅಷ್ಟೇ. ನಾಲ್ಕೈದು ದಿನಕ್ಕೆ ಮುಗಿಯುತ್ತದೆ, ಅಡಿಕೆ ಸುಲಿದು ದೊರಗಾದ ಬೆರಳಿನಿಂದ ಬದಲಿಸುವಾಗ ಚಾವಡಿಯ ನೆಲದಲ್ಲಿ ಎಷ್ಟು ಸಲ ಹುಡುಕಿದ್ದೇನೋ ಲೆಕ್ಕವಿಲ್ಲ.

ಇಷ್ಟಾದರೂ ಸಹಿಸಿಕೊಳ್ಳುತ್ತಿದ್ದೆ. ಸೋಲಿಸಿದ್ದು ಮಳೆಗಾಲ. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ, ಬಟ್ಟೆಯೇ ವಾರಗಟ್ಟಲೆ ಒಣಗುವುದಿಲ್ಲ, ಇನ್ನು ಕಿವಿಯೊಳಗೆ ಬೆವರು, ಗುಗ್ಗೆ ಎಲ್ಲದರ ಮಧ್ಯೆ ಕೂತ ಮಿಷನ್ ಏನು ಮಾಡೀತು? ಮೂರು ಸಲ ರಿಪೇರಿಗೆ ಮಂಗಳೂರಿಗೆ ಹೋಯಿತು.

ಹಾಗಾಗಿ ಈ ವರ್ಷ ಬೇರೆ ಆಡಿಯಾಲಜಿಸ್ಟ್ (ಕಿವಿ ಕೇಳುವುದನ್ನು ಪರೀಕ್ಷಿಸುವವರು) ಹತ್ತಿರ ಹೋದೆ. ಅವರು ಎರಡು ನಮೂನೆಯದ್ದನ್ನು ಹತ್ತು ಹತ್ತು ದಿನ ಹಾಕಿ ನೋಡಲು ಕೊಟ್ಟರು. ಒಂದು ಆರ್‌ಐಸಿ. ಮಿಷನ್ ಕಿವಿಯ ಹಿಂದೆ, ಶಬ್ದ ಹೊರಡಿಸುವ ರಿಸೀವರ್ ಮಾತ್ರ ಸಣ್ಣ ವಯರಿನ ತುದಿಯಲ್ಲಿ ಕಿವಿಯೊಳಗೆ. ಇನ್ನೊಂದು ಬಿಟಿಇ, ಎಲ್ಲವೂ ಕಿವಿಯ ಹಿಂದೆಯೇ, ಶಬ್ದ ತೆಳು ಟ್ಯೂಬಿನಲ್ಲಿ ಬರುತ್ತದೆ. ಎರಡಕ್ಕೂ ತುದಿಯಲ್ಲಿ ತೂತಿರುವ ಮೆತ್ತಗಿನ ಡೋಮ್. ಗಾಳಿ ಆಡುತ್ತದೆ, ಕೊಡಪಾನದ ಸ್ವರ ಹೋಯಿತು!

ಪರೀಕ್ಷೆ ಮಾಡಿದ್ದು ತಾಳಮದ್ದಳೆಯಲ್ಲಿ, ಅಂದರೆ ವೇಷ ಕುಣಿತ ಇಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನದಲ್ಲಿ. ಮೇ ಕೊನೆಯ ಪತ್ತನಾಜೆ ಕಳೆದು ಯಕ್ಷಗಾನ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚಿದ ಮೇಲೆ ನಮಗೆ ಅದೇ ಅಲ್ವಾ. ಕಿವಿ ಮಿಷನ್‌ಗೆ ಅದಕ್ಕಿಂತ ಕಷ್ಟದ ಜಾಗ ಇಲ್ಲ. ಚೆಂಡೆ ಹೊಡೆಯುವಾಗ ಕಿತ್ತು ಬಿಸಾಡುವ ಅನಿಸುತ್ತದೆ, ಅದು ನಿಂತ ಕೂಡಲೇ ಪಾತ್ರದ ಮಾತಾಡುವ ಅರ್ಥಧಾರಿ ಸ್ವರ ತಗ್ಗಿಸಿ ಒಂದು ಕೊಂಕು ಹೇಳುತ್ತಾರೆ, ಸಭೆ ಎಲ್ಲ ನಗುತ್ತದೆ, ನಾನು ಪಕ್ಕದವರ ಮುಖ ನೋಡುತ್ತೇನೆ. ಆರ್‌ಐಸಿಯಲ್ಲಿ ಆ ಕೊಂಕು ಸಿಕ್ಕಿತು. ಸುಮ್ನೆ ಹೇಳುವುದಲ್ಲ, ಸ್ವರ ಅಷ್ಟು ಸಹಜ. ಬಿಟಿಇಯಲ್ಲೂ ಸಿಕ್ಕಿತು, ಆದರೆ ಸ್ವರ ಸ್ವಲ್ಪ ಹರಿತ, ತಗಡಿನ ಅಂಶ ಇದೆ. ಸ್ವರಕ್ಕೇ ಅಂಕ ಕೊಡುವುದಾದರೆ ಆರ್‌ಐಸಿ.

ಆದರೆ ನಾನು ತಾಳಮದ್ದಳೆಯಲ್ಲಿ ಕೂರುವುದು ತಿಂಗಳಿಗೆ ಎರಡು ಸಲ, ತೋಟದಲ್ಲಿರುವುದು ದಿನಾ. ಆರ್‌ಐಸಿಯ ರಿಸೀವರ್ ಕೂಡ ಕಿವಿಯೊಳಗೇ ಇರುವುದು. ಎಂಟನೇ ದಿನ ಎಡಗಡೆಯದ್ದು ಮಂಕಾಯಿತು. ನೋಡಿದರೆ ತುದಿಯಲ್ಲಿ ಗುಗ್ಗೆ ತಡೆಯುವ ವ್ಯಾಕ್ಸ್ ಗಾರ್ಡ್‌ನಲ್ಲೇ ಗುಗ್ಗೆ ಕಟ್ಟಿತ್ತು, ಬದಲಿಸಿದ ಮೇಲೆ ಸರಿಯಾಯಿತು. ಬಿಟಿಇಯಲ್ಲಿ ಟ್ಯೂಬಿನೊಳಗೆ ನೀರಿನ ಹನಿ ಕಟ್ಟುತ್ತದೆ, ಟ್ಯೂಬು ಬಿಡಿಸಿ ಅದರ ಜೊತೆ ಬಂದ ಪ್ಲಾಸ್ಟಿಕ್ ಕಡ್ಡಿ ತೂರಿಸಿದರೆ ಮುಗಿಯಿತು. ಟ್ಯೂಬು ಹಾಳಾದರೆ ಹೊಸ ಟ್ಯೂಬು, ರಿಸೀವರ್ ಹಾಳಾದರೆ ಹಾಗಲ್ಲ.

ಕಿವಿ ಹಿಂದಿನದಕ್ಕೂ ದೂರು ಇದೆ. ಕನ್ನಡಕದ ಕಾಲು, ಮಿಷನ್, ಮದ್ದು ಬಿಡುವಾಗ ಮಾಸ್ಕಿನ ದಾರ, ಮೂರೂ ಒಂದೇ ಕಡೆ. ಒಮ್ಮೆ ಮಾಸ್ಕ್ ತೆಗೆಯುವಾಗ ಮಿಷನ್ ಹಾರಿ ಮೈಲುತುತ್ತು, ಸುಣ್ಣ ಕಲಸಿದ ಬೋರ್ಡೋ ದ್ರಾವಣದ ಡ್ರಮ್ಮಿನ ಪಕ್ಕ ಬಿತ್ತು. ಒಂದು ಗೇಣು ಆಚೆ ಬಿದ್ದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಈಗ ದಾರ ಕಟ್ಟಿ ಅಂಗಿಯ ಕಾಲರಿಗೆ ಕ್ಲಿಪ್ ಹಾಕುತ್ತೇನೆ. ಮುಟ್ಟಾಳೆ ಮೈಕಿಗೆ ತಾಗಿ ಕರಕರ ಅನ್ನುತ್ತದೆ, ಸ್ವಲ್ಪ ಮೇಲೆ ಇಡಬೇಕು.

ಚಾರ್ಜಿನದ್ದಾ ಬ್ಯಾಟರಿಯದ್ದಾ ಅನ್ನುವುದಕ್ಕೆ ಜಾಸ್ತಿ ಯೋಚಿಸಲಿಲ್ಲ. ಗಾಳಿಮಳೆಗೆ ಲೈನ್ ಮೇಲೆ ಮರ ಬಿದ್ದರೆ ನಮ್ಮಲ್ಲಿ ಎರಡು ದಿನ ಕರೆಂಟ್ ಇಲ್ಲ. ಬಿಟಿಇಗೆ 13 ನಂಬರಿನ ಬ್ಯಾಟರಿ, ಕಿತ್ತಳೆ ಸ್ಟಿಕ್ಕರ್, ನನಗೆ ಹತ್ತು ದಿನ ಬರುತ್ತದೆ. ಸ್ಟಿಕ್ಕರ್ ಕಿತ್ತು ಒಂದೆರಡು ನಿಮಿಷ ಗಾಳಿಗೆ ಬಿಟ್ಟು ಹಾಕಿ, ಅದು ಗಾಳಿಯಿಂದಲೇ ಕೆಲಸ ಮಾಡುವ ಬ್ಯಾಟರಿ. ಒಮ್ಮೆ ಕಿತ್ತ ಮೇಲೆ ಮತ್ತೆ ಅಂಟಿಸಿ ಉಳಿಸುವ ಅಂದರೆ ಆಗುವುದಿಲ್ಲ.

ಕೊನೆಗೆ ತೆಗೆದುಕೊಂಡದ್ದು ಬಿಟಿಇ. ರಾತ್ರಿ ಬ್ಯಾಟರಿ ಬಾಗಿಲು ತೆರೆದು, ಸಿಲಿಕಾ ಜೆಲ್ ಹಾಕಿದ ಹಾರ್ಲಿಕ್ಸ್ ಬಾಟಲಿಯೊಳಗೆ ಇಡುತ್ತೇನೆ. ಬೆಳಿಗ್ಗೆ ಕೆಂಪು ಗುರುತಿನದ್ದು ಬಲಕ್ಕೆ, ನೀಲಿಯದ್ದು ಎಡಕ್ಕೆ. ಕಿವಿ ತೀರಾ ಕೇಳದವರಿಗೆ ಈ ತೆರೆದ ಡೋಮ್ ಸಾಲದು, ಕುಂಯ್ ಅಂತ ಶಿಳ್ಳೆ ಹೊಡೆಯುತ್ತದೆ, ಅವರಿಗೆ ಅಚ್ಚು ತೆಗೆದು ಮಾಡಿದ ಮೋಲ್ಡೇ ಬೇಕು. ಮನೆಯೊಳಗೆ, ಆಫೀಸಿನಲ್ಲಿ ಇರುವವರಾದರೆ ನಾನೇ ಆರ್‌ಐಸಿ ತಗೊಳ್ಳಿ ಅನ್ನುತ್ತೇನೆ.

ಹಳೆಯ ಸಿಐಸಿ ಕಪಾಟಿನಲ್ಲಿದೆ. ಭಾವನಿಗೂ ಈಗ ಕಿವಿ ಮಂದ, ಕೊಟ್ಟುಬಿಡುವ ಅಂದರೆ ಅದು ನನ್ನ ಕಿವಿಯ ಅಚ್ಚಿಗೆ ಮಾಡಿದ್ದು.