ಲೇಸಿಕ್ ಮಾಡಿಸ್ಬೇಕಾ ಬೇಡ್ವಾ: ಎರಡು ಕಡೆ ವರ್ಕಪ್ ಮಾಡಿಸಿದ ಮೇಲೆ ನನ್ನ ರಿವ್ಯೂ

ಲೇಸಿಕ್ ಅಂದ್ರೆ ಲೇಸರ್ ಹಾಯಿಸಿ ಕನ್ನಡಕ ಬಿಡಿಸೋ ಕಣ್ಣಿನ ಆಪರೇಷನ್. ಅದರ ಬಗ್ಗೆ ರಿವ್ಯೂ ಹುಡುಕಿದ್ರೆ ಸಿಗೋದೆಲ್ಲ ಆಪರೇಷನ್ ಆದ್ಮೇಲೆ ಬರೆದಿದ್ದೇ, ಹತ್ತು ನಿಮಿಷದಲ್ಲಿ ಮುಗೀತು, ಮಾರನೇ ದಿನ ಬಸ್ ಬೋರ್ಡ್ ಓದ್ದೆ, ಜೀವನಾನೇ ಬದಲಾಯ್ತು ಅಂತ. ಅದಕ್ಕೆ ಮುಂಚೆ ಮಾಡೋ ಟೆಸ್ಟ್ ಇದ್ಯಲ್ಲ, ವರ್ಕಪ್ ಅಂತಾರೆ, ಅದರ ಬಗ್ಗೆ ಬರೆಯೋರು ಕಮ್ಮಿ. ನನ್ನ ಪ್ರಕಾರ ಇಡೀ ವ್ಯವಹಾರದಲ್ಲಿ ನಾವು ದುಡ್ಡು ಕೊಟ್ಟು ತಗೋಬೇಕಾದ ಮುಖ್ಯ ಸರ್ವೀಸ್ ಅದೇ, ಆಪರೇಷನ್ ಆಮೇಲಿನ ಮಾತು. ಹಾಗಾಗಿ ಇದು ವರ್ಕಪ್ ರಿವ್ಯೂ. ನಾನು ಮತ್ತೆ ನನ್ನ ತಂಗಿ ಬೆಂಗಳೂರಲ್ಲಿ ಎರಡು ಬೇರೆ ಬೇರೆ ಕಣ್ಣಾಸ್ಪತ್ರೇಲಿ ಮಾಡಿಸಿದ್ವಿ, ಕೊನೆಗೆ ಅವಳು ಲೇಸಿಕ್ ಮಾಡಿಸ್ಕೊಂಡ್ಳು, ನಾನು ಮಾಡಿಸ್ಕೊಳ್ಳಲಿಲ್ಲ, ಎರಡೂ ಸರಿ ಅಂತಾನೇ ನನ್ನ ನಂಬಿಕೆ. ಆಸ್ಪತ್ರೆ ಹೆಸರು ಹಾಕಲ್ಲ, ಯಾಕಂದ್ರೆ ಒಂದೇ ಆಸ್ಪತ್ರೇಲೂ ಬ್ರಾಂಚ್ ಬದಲಾದ್ರೆ, ಡಾಕ್ಟರ್ ಬದಲಾದ್ರೆ ಅನುಭವ ಬದಲಾಗುತ್ತೆ. ಏನು ಕೇಳ್ಬೇಕು ಅಂತ ಗೊತ್ತಿದ್ರೆ ಎಲ್ಲಿ ಹೋದ್ರೂ ಉಪಯೋಗ.

ನನಗೆ ಮೈನಸ್ ಐದೂವರೆ, ಜೊತೆಗೆ ಸ್ವಲ್ಪ ಸಿಲಿಂಡ್ರಿಕಲ್. ಸ್ಕೂಲಿಂದ ಕನ್ನಡಕ. ತಂಗಿಗೆ ಮೂರೂ ಕಾಲು. ಕನ್ನಡಕ ಹಾಕೋರಿಗೆ ಹೇಳ್ಬೇಕಾಗಿಲ್ಲ, ಹೆಲ್ಮೆಟ್ ಒಳಗೆ ತುರುಕೋದು, ಮಳೇಲಿ ಗಾಡಿ ಓಡಿಸೋವಾಗ ಹನಿ ಒರೆಸೋದು, ಕುಕ್ಕರ್ ಮುಚ್ಚಳ ತೆಗೆದ ತಕ್ಷಣ ಮಂಜು ಕಟ್ಕೊಳ್ಳೋದು. ಆದ್ರೆ ನಮ್ಮನೇಲಿ ಈ ಮಾತು ಶುರುವಾಗಿದ್ದು ಅದಕ್ಕಲ್ಲ, ತಂಗಿ ಮದುವೆಗೆ. ತುಮಕೂರು ಕಡೆ ನಮ್ಮ ನೆಂಟರಲ್ಲಿ ಇವತ್ತಿಗೂ ಹುಡುಗಿ ಕನ್ನಡಕ ಹಾಕಿದ್ರೆ "ಆಪರೇಷನ್ ಮಾಡಿಸಿಬಿಡಿ, ಈಗೆಲ್ಲ ಈಸಿ" ಅಂತ ಸಲಹೆ ಕೊಡೋರು ಇದ್ದೇ ಇರ್ತಾರೆ. ಹುಡುಗನಿಗೆ ಕನ್ನಡಕ ಇದ್ರೆ ಯಾರೂ ಏನೂ ಅನ್ನಲ್ಲ. ನನಗೆ ಈ ವಿಷಯದಲ್ಲಿ ನಿಜವಾಗ್ಲೂ ಸಿಟ್ಟಿದೆ. ಕಣ್ಣು ನಮ್ಮದು, ಅದರ ಮೇಲೆ ಲೇಸರ್ ಹಾಯಿಸ್ಬೇಕಾ ಬೇಡ್ವಾ ಅನ್ನೋದನ್ನ ಚಿಕ್ಕಪ್ಪ ಹೇಳೋದಲ್ಲ, ಕಾರ್ನಿಯಾ (ಕಣ್ಣಿನ ಮುಂದಿರೋ ಪಾರದರ್ಶಕ ಪದರ) ರಿಪೋರ್ಟ್ ಹೇಳ್ಬೇಕು. ತಂಗಿಗೆ ಅವಳದೇ ಕಾರಣ ಇತ್ತು, ಲೆನ್ಸ್ ಹಾಕಿದ್ರೆ ಕಣ್ಣು ಕೆಂಪಾಗ್ತಿತ್ತು, ಜೊತೆಗೆ ಅವಳು ಬ್ಯಾಡ್ಮಿಂಟನ್ ಆಡ್ತಾಳೆ, ಆಸೆ ಅವಳದ್ದೇ. ಸರಿ ಹೋಗೋಣ ನಡಿ, ನಂದೂ ನೋಡಿಸ್ತೀನಿ ಅಂತ ಹೊರಟ್ವಿ.

ಮೊದಲು ಹೋದ ಕಡೆ ಎಲ್ಲಾ ಫಾಸ್ಟ್. ಮಷಿನ್ ಮುಂದೆ ಗದ್ದ ಇಟ್ಟು ಪವರ್ ನೋಡಿದ್ರು, ಇನ್ನೊಂದು ಮಷಿನ್‌ನಲ್ಲಿ ಒಂದು ಸ್ಕ್ಯಾನ್, ಡಾಕ್ಟರ್ ಎರಡು ಮಾತು, ಅಲ್ಲಿಂದ ಸೀದಾ ಕೌನ್ಸೆಲರ್ ರೂಮು. ಅಲ್ಲಿ ಲ್ಯಾಮಿನೇಟ್ ಮಾಡಿದ ಕಾರ್ಡ್, ಬ್ಲೇಡ್‌ಲೆಸ್, ಪ್ರೀಮಿಯಂ, ಈ ವಾರ ಬುಕ್ ಮಾಡಿದ್ರೆ ಡಿಸ್ಕೌಂಟ್, ಇಬ್ರೂ ಒಟ್ಟಿಗೆ ಮಾಡಿಸಿದ್ರೆ ಇನ್ನೂ ಕಮ್ಮಿ. ನನ್ನ ಕಾರ್ನಿಯಾ ದಪ್ಪ ಎಷ್ಟು ಬಂತು ಅಂತ ಕೇಳಿದೆ, "ಎಲ್ಲಾ ನಾರ್ಮಲ್ ಮೇಡಂ" ಅಂದ್ರು. ನಂಬರ್ ಹೇಳಿ ಅಂದ್ರೆ ಫೈಲ್ ಒಳಗಿದೆ ಅಂದ್ರು. ಪ್ರಿಂಟ್ ಕೇಳಿದ್ದಕ್ಕೆ ಅಡ್ವಾನ್ಸ್ ಕಟ್ಟಿದ ಮೇಲೆ ಕೊಡ್ತೀವಿ ಅಂದ್ರು. ಹಿಂದಿನ ದಿನದವರೆಗೂ ನಾನು ಕಾಂಟ್ಯಾಕ್ಟ್ ಲೆನ್ಸ್ ಹಾಕಿದ್ದೆ, ಅದನ್ನ ಅಲ್ಲಿ ಒಬ್ಬರೂ ಕೇಳಲಿಲ್ಲ. ಲೆನ್ಸ್ ಹಾಕಿ ಹಾಕಿ ಕಾರ್ನಿಯಾ ಆಕಾರ ತಾತ್ಕಾಲಿಕವಾಗಿ ಬದಲಾಗಿರುತ್ತೆ, ಆಗ ಮಾಡಿದ ಸ್ಕ್ಯಾನ್ ನಂಬಕ್ಕಾಗಲ್ಲ, ಇದು ಈ ಫೀಲ್ಡಲ್ಲಿ ಮೊದಲ ಪಾಠ. ಅದನ್ನೇ ಕೇಳದ ಕಡೆ ಕಣ್ಣು ಕೊಡೋಕೆ ನನಗೆ ಮನಸ್ಸಾಗಲಿಲ್ಲ.

ಎರಡನೇ ಕಡೆ ವ್ಯತ್ಯಾಸ ಫೋನಲ್ಲೇ ಗೊತ್ತಾಯ್ತು. ಅಪಾಯಿಂಟ್‌ಮೆಂಟ್ ಕೊಡೋ ಹುಡುಗಿ ಕೇಳಿದ್ದೇ ಲೆನ್ಸ್ ಹಾಕ್ತೀರಾ ಅಂತ. ಸಾಫ್ಟ್ ಲೆನ್ಸ್ ಆದ್ರೆ ಎರಡು ವಾರ ಬಿಟ್ಟು ಬನ್ನಿ, ಸೆಮಿಸಾಫ್ಟ್ ಆದ್ರೆ ಇನ್ನೂ ಜಾಸ್ತಿ ಬಿಡ್ಬೇಕು, ಹಳೇ ಕನ್ನಡಕದ ಚೀಟಿಗಳಿದ್ರೆ ತನ್ನಿ, ಡ್ರಾಪ್ಸ್ ಹಾಕ್ತೀವಿ ಅದಕ್ಕೆ ಗಾಡಿ ಓಡಿಸ್ಕೊಂಡು ಬರ್ಬೇಡಿ. ಹಳೇ ಚೀಟಿ ಯಾಕೆ ಅಂದ್ರೆ ಪವರ್ ಒಂದು ವರ್ಷದಿಂದಾದ್ರೂ ನಿಂತಿರ್ಬೇಕು, ಅರ್ಧ ಪಾಯಿಂಟ್‌ಗಿಂತ ಜಾಸ್ತಿ ಏರ್ತಾ ಇದ್ರೆ ಆಪರೇಷನ್ ಮಾಡಿದ್ರೂ ಆಮೇಲೆ ಮತ್ತೆ ಕನ್ನಡಕ ಬರುತ್ತೆ. ಹದಿನೆಂಟು ತುಂಬಿದ ತಕ್ಷಣ ಮಕ್ಕಳನ್ನ ಕರ್ಕೊಂಡು ಹೋಗೋ ಅಪ್ಪ ಅಮ್ಮಂದಿರು ಇದನ್ನ ದಯವಿಟ್ಟು ಗಮನಿಸಿ, ಹದಿನೆಂಟು ಅನ್ನೋದು ಕನಿಷ್ಠ ವಯಸ್ಸು ಅಷ್ಟೇ, ಪವರ್ ನಿಂತಿದೆ ಅನ್ನೋ ಗ್ಯಾರಂಟಿ ಅಲ್ಲ.

ಟೆಸ್ಟ್‌ಗೆ ಅರ್ಧ ದಿನ ಹಿಡೀತು. ಕೆಳ ರೆಪ್ಪೆಗೆ ಸಣ್ಣ ಕಾಗದದ ಪಟ್ಟಿ ಸಿಕ್ಕಿಸಿ ಐದು ನಿಮಿಷ ಬಿಟ್ಟು ಕಣ್ಣೀರು ಎಷ್ಟು ಬರುತ್ತೆ ನೋಡ್ತಾರೆ, ಕತ್ತಲೆ ರೂಮಲ್ಲಿ ಪಾಪೆ ಎಷ್ಟು ದೊಡ್ಡದಾಗುತ್ತೆ ಅಳೀತಾರೆ, ಪೆಂಟಾಕ್ಯಾಮ್ ಅನ್ನೋ ಸ್ಕ್ಯಾನ್‌ನಲ್ಲಿ ಕಾರ್ನಿಯಾ ಮುಂಭಾಗ ಹಿಂಭಾಗ ಎರಡರದ್ದೂ ಮ್ಯಾಪ್ ತೆಗೀತಾರೆ, ಕೊನೆಗೆ ಡ್ರಾಪ್ಸ್ ಹಾಕಿ ರೆಟಿನಾ, ಅಂದ್ರೆ ಕಣ್ಣಿನ ಹಿಂಭಾಗದ ಪರದೆ, ನೋಡ್ತಾರೆ. ರೆಟಿನಾ ನೋಡೋದು ಯಾಕೆ ಮುಖ್ಯ ಅಂದ್ರೆ ಮೈನಸ್ ಪವರ್ ಕಣ್ಣು ಉದ್ದ ಇರುತ್ತೆ, ಅಂಚಲ್ಲಿ ರೆಟಿನಾ ತೆಳ್ಳಗಾಗಿ ಕೆಲವರಿಗೆ ತೂತೂ ಇರುತ್ತೆ. ಲೇಸಿಕ್ ಮಾಡಿಸಿದ ಮೇಲೆ ಕನ್ನಡಕ ಹೋಗುತ್ತೆ, ಕಣ್ಣಿನ ಉದ್ದ ಹೋಗಲ್ಲ, ಅಂದ್ರೆ ರೆಟಿನಾ ಚೆಕಪ್ ಆಮೇಲೂ ಮಾಡಿಸ್ತಾನೇ ಇರ್ಬೇಕು. ಕನ್ನಡಕ ಹೋಯ್ತು ಅಂತ ಕಣ್ಣಿನ ಡಾಕ್ಟರ್ ಕಡೆ ತಲೇನೇ ಹಾಕದಿರೋರು ನನಗೇ ಗೊತ್ತು.

ಈಗ ನಂಬರ್ ಕಥೆ. ಕಾರ್ನಿಯಾ ದಪ್ಪ ಸಾಮಾನ್ಯವಾಗಿ 540 ಮೈಕ್ರಾನ್ ಆಸುಪಾಸು, ಅರ್ಧ ಮಿಲಿಮೀಟರ್‌ಗಿಂತ ಚೂರು ಜಾಸ್ತಿ. ತಂಗೀದು 548, ನಂದು 489. ಲೇಸಿಕ್‌ನಲ್ಲಿ ಮೇಲಿನ ಪದರ ಒಂದು ಮುಚ್ಚಳದ ಥರ ಎತ್ತುತ್ತಾರೆ, ಫ್ಲಾಪ್ ಅಂತಾರೆ, ಅದು 110 ಮೈಕ್ರಾನ್ ಹತ್ತಿರ. ಆಮೇಲೆ ಒಂದೊಂದು ಪವರ್‌ಗೂ ಇಷ್ಟಿಷ್ಟು ಅಂತ ಲೇಸರ್ ಕೆರೆಯುತ್ತೆ, ಆರು ಮಿಲಿಮೀಟರ್ ಅಗಲಕ್ಕೆ ಒಂದು ಪವರ್‌ಗೆ ಲೆಕ್ಕದಲ್ಲಿ 12 ಮೈಕ್ರಾನ್, ನಿಜವಾಗಿ ಅದಕ್ಕಿಂತ ಸ್ವಲ್ಪ ಜಾಸ್ತಿ. ಕೆಳಗೆ ಮುಟ್ಟದೆ ಉಳಿಯೋ ಭಾಗ 250ಕ್ಕಿಂತ ಕಮ್ಮಿ ಆಗಬಾರದು ಅನ್ನೋದು ಹಳೇ ನಿಯಮ, ಈಗ ಎಷ್ಟೋ ಡಾಕ್ಟರ್‌ಗಳು 300 ಇರ್ಲಿ ಅಂತಾರೆ. ನಾನು ಅಲ್ಲೇ ಕೂತು ಲೆಕ್ಕ ಹಾಕಿದೆ, 489ರಲ್ಲಿ ಫ್ಲಾಪ್ 110, ನನ್ನ ಪವರ್‌ಗೆ ಒಂದು 77 ತೆಗೆದ್ರೆ 302 ಉಳಿಯುತ್ತೆ, ಅಂದ್ರೆ ಪಾಸ್ ಅಲ್ವಾ ಡಾಕ್ಟ್ರೇ ಅಂದೆ. ಅವರು ಮ್ಯಾಪ್ ತಿರುಗಿಸಿ ತೋರಿಸಿದ್ರು, ಎರಡೂ ಕಣ್ಣಲ್ಲಿ ಕೆಳಭಾಗ ಮೇಲ್ಭಾಗಕ್ಕಿಂತ ಉಬ್ಬು, ಅಲ್ಲಿ ಬಣ್ಣ ಕೆಂಪು ಕಡೆ ತಿರುಗಿದೆ. "ನೀವು ಕಣ್ಣು ಉಜ್ಜ್ತೀರಾ?" ಅಂತ ಕೇಳಿದ್ರು. ಧೂಳಿನ ಅಲರ್ಜಿ ಇದೆ, ಉಜ್ಜ್ತೀನಿ. ಅವರ ಉತ್ತರ ನೇರ: ದಪ್ಪದ ಲೆಕ್ಕ ಪಾಸ್ ಆಗಬಹುದು, ಆಕಾರ ಪಾಸ್ ಆಗಿಲ್ಲ, ನಿಮಗೆ ನಾನು ಲೇಸಿಕ್ ಮಾಡಲ್ಲ.

ಈ ಒಂದು ವಾಕ್ಯಕ್ಕೆ ಕೊಟ್ಟ ಫೀಸು ಸಾರ್ಥಕ. ಇದು ಕಾರ್ನಿಯಾ ತೆಳ್ಳಗಾಗಿ ಮುಂದಕ್ಕೆ ಉಬ್ಬೋ ಕೆರಾಟೋಕೋನಸ್ ಅನ್ನೋ ತೊಂದ್ರೆಯ ಶುರು ಇರಬಹುದು, ಇಲ್ದೇನೂ ಇರಬಹುದು, ಒಂದು ವರ್ಷ ಬಿಟ್ಟು ಮತ್ತೆ ಸ್ಕ್ಯಾನ್ ಮಾಡಿದ್ರೆ ಬದಲಾಗ್ತಿದ್ಯಾ ಅಂತ ಗೊತ್ತಾಗುತ್ತೆ. ಇಂಥ ಕಾರ್ನಿಯಾ ಕೆರೆದ್ರೆ ಸವೆದ ಕಡೆ ಸೈಕಲ್ ಟ್ಯೂಬ್ ಉಬ್ಬಿದ ಹಾಗೆ ಮುಂದಕ್ಕೆ ಉಬ್ಬಬಹುದು, ಆಮೇಲೆ ಕನ್ನಡಕ ಹಾಕಿದ್ರೂ ನೀಟಾಗಿ ಕಾಣಲ್ಲ, ಗಟ್ಟಿ ಲೆನ್ಸು, ಕಾರ್ನಿಯಾ ಬಿಗಿ ಮಾಡೋ ಕ್ರಾಸ್‌ಲಿಂಕಿಂಗು, ತೀರಾ ಕೆಟ್ಟರೆ ಕಾರ್ನಿಯಾ ಬದಲಾಯಿಸೋದು. ಈಗ ಕನ್ನಡಕ ಹಾಕಿದ್ರೆ ನನಗೆ ಕೊನೇ ಲೈನ್ ತನಕ ಓದಕ್ಕಾಗುತ್ತೆ. ಅದನ್ನ ಪಣಕ್ಕಿಟ್ಟು ಕನ್ನಡಕ ಬಿಡೋದು ನನಗೆ ಬೇಡ. ಫ್ಲಾಪ್ ಇಲ್ಲದ ಪಿಆರ್‌ಕೆ ಆಗುತ್ತಾ, ಸಣ್ಣ ಸೀಳಿನಿಂದಲೇ ಮಾಡೋ ಸ್ಮೈಲ್ ಆಗುತ್ತಾ ಅಂತ ಕೇಳಿದೆ, ಎರಡರಲ್ಲೂ ಕಾರ್ನಿಯಾದಿಂದಲೇ ಪದಾರ್ಥ ತೆಗೆಯೋದು, ಈಗ ಎರಡೂ ಬೇಡ ಅಂದ್ರು. ಕಣ್ಣೊಳಗೆ ಲೆನ್ಸ್ ಕೂರಿಸೋ ಐಸಿಎಲ್ ಬಗ್ಗೆ ಹೇಳಿದ್ರು, ಅದರಲ್ಲಿ ಕಾರ್ನಿಯಾ ಕೆರೆಯೋದಿಲ್ಲ, ಆದ್ರೆ ಕಣ್ಣೊಳಗಿನ ಆಪರೇಷನ್, ಖರ್ಚೂ ತುಂಬಾ ಜಾಸ್ತಿ, ಐದೂವರೆ ಪವರ್‌ಗೆ ಅಷ್ಟು ದೂರ ಹೋಗೋ ಅವಶ್ಯಕತೆ ನನಗೆ ಕಾಣಲಿಲ್ಲ.

ತಂಗಿ ಮ್ಯಾಪ್ ಎಲ್ಲಾ ಕಡೆ ಸಮ, ರೆಟಿನಾ ಚೆನ್ನಾಗಿದೆ, ಕಣ್ಣೀರು ಮಾತ್ರ ಚೂರು ಕಮ್ಮಿ, ಅದಕ್ಕೆ ಮೊದಲೇ ಡ್ರಾಪ್ಸ್ ಶುರು ಮಾಡಿಸಿದ್ರು. ರೇಟು ಎರಡೂ ಕಣ್ಣಿಗೆ ಸೇರಿ ಫೆಮ್ಟೋ ಲೇಸಿಕ್ (ಫ್ಲಾಪನ್ನೂ ಬ್ಲೇಡ್ ಬದಲು ಲೇಸರ್‌ನಲ್ಲೇ ಮಾಡೋದು) 75,000, ಸ್ಮೈಲ್ 1,10,000 ಹೇಳಿದ್ರು. ಇಲ್ಲೂ ಕೌನ್ಸೆಲರ್ ಸ್ಮೈಲ್ ಕಡೆ ಸ್ವಲ್ಪ ಎಳೆದ್ರು, ಡಾಕ್ಟರ್ ಮಾತ್ರ ಈ ಪವರ್‌ಗೆ ಎರಡೂ ಒಳ್ಳೇದೇ ಅಂದ್ರು, ಅವಳು ಲೇಸಿಕ್ ಆರಿಸ್ಕೊಂಡ್ಳು. ಇನ್ಶೂರೆನ್ಸ್ ಬರಲ್ಲ, 7.5 ಪವರ್‌ಗಿಂತ ಕಮ್ಮಿ ಇದ್ರೆ ದೃಷ್ಟಿದೋಷದ ಚಿಕಿತ್ಸೆ ಹೊರಗಿಡೋದು ಹೆಲ್ತ್ ಪಾಲಿಸಿಗಳಲ್ಲಿ ಸ್ಟ್ಯಾಂಡರ್ಡ್ ಕಂಡಿಷನ್. ಪೊಲೀಸ್, ಮಿಲಿಟರಿ ಕೆಲಸಕ್ಕೆ ಟ್ರೈ ಮಾಡ್ತಿರೋರು ನೋಟಿಫಿಕೇಷನ್‌ನಲ್ಲಿ ಕಣ್ಣಿನ ನಿಯಮ ಓದದೆ ಆಪರೇಷನ್ ಡೇಟ್ ತಗೋಬೇಡಿ.

ಮದುವೆ ವಿಚಾರಕ್ಕೆ ಡಾಕ್ಟರ್ ಹೇಳಿದ್ದು ತುಂಬಾ ಉಪಯೋಗ ಆಯ್ತು. ಮದುವೆಗೆ ಎರಡು ವಾರ ಇದೆ ಅಂತ ಬರ್ತಾರಂತೆ ಜನ. ಆಪರೇಷನ್ ಆದ್ಮೇಲೆ ಕೆಲವು ವಾರ ಕಾಡಿಗೆ, ಕಣ್ಣಿನ ಮೇಕಪ್ ಬೇಡ, ತಲೆಗೆ ನೀರು ಹಾಕ್ಕೊಳ್ಳೋವಾಗ ಹುಷಾರು, ಹೋಮದ ಹೊಗೆ ಅಂತೂ ಬೇಡವೇ ಬೇಡ, ಇವೆಲ್ಲಾ ಸೇರಿದ್ರೆ ಮದುವೆ ಮನೇನೇ ಅಲ್ವಾ. ಎರಡು ಮೂರು ತಿಂಗಳು ಗ್ಯಾಪ್ ಇರ್ಲಿ ಅಂದ್ರು. ಬಸುರಿ ಆದಾಗ, ಹಾಲು ಕುಡಿಸೋವಾಗ ಪವರ್ ಬದಲಾಗಬಹುದು, ಆಗ ಮಾಡಲ್ಲ ಅನ್ನೋದನ್ನೂ ಅವರೇ ಕೂರಿಸಿ ಹೇಳಿದ್ರು. ತಂಗಿ ಆಷಾಢದಲ್ಲಿ ಡೇಟ್ ತಗೊಂಡ್ಳು. ಅಜ್ಜಿ ಆಷಾಢದಲ್ಲಾ ಅಂತ ಮುಖ ಸಣ್ಣ ಮಾಡ್ಕೊಂಡ್ರು, ಆದ್ರೆ ಫಂಕ್ಷನ್ ಇಲ್ಲ, ನೆಂಟರ ಓಡಾಟ ಇಲ್ಲ, ಕಣ್ಣಿಗೆ ರೆಸ್ಟ್ ಕೊಡೋಕೆ ಅದಕ್ಕಿಂತ ಒಳ್ಳೆ ತಿಂಗಳು ನಮ್ಮ ಕಡೆ ಸಿಗಲ್ಲ.

ಅಮ್ಮನಿಗೆ ಲೇಸರ್ ಅಂದ್ರೆ ಸುಟ್ಟುಬಿಡುತ್ತೆ ಅನ್ನೋ ಭಯ. ಅವರಿಗೆ ನಾನು ಹೇಳಿದ್ದು ಇಷ್ಟು, ಲೇಸಿಕ್‌ನಲ್ಲಿ ಕೆರೆಯೋ ಎಕ್ಸೈಮರ್ ಲೇಸರ್ ಸುಡೋದಿಲ್ಲ, 193 ನ್ಯಾನೋಮೀಟರ್‌ನ ನೇರಳಾತೀತ ಬೆಳಕು ಅಣುಗಳ ಬಂಧ ಬಿಡಿಸಿ ಪದರ ಪದರವಾಗಿ ತೆಗೆಯುತ್ತೆ, ಅಕ್ಕಪಕ್ಕ ಬಿಸಿ ತಟ್ಟಲ್ಲ. 1981ರಲ್ಲಿ ಅಮೆರಿಕದ ಐಬಿಎಂ ಲ್ಯಾಬಲ್ಲಿ ಇದನ್ನ ಮೊದಲು ತೋರಿಸಿದ ಮೂವರಲ್ಲಿ ಒಬ್ಬರು ರಂಗಸ್ವಾಮಿ ಶ್ರೀನಿವಾಸನ್, ಮದ್ರಾಸ್ ಯೂನಿವರ್ಸಿಟೀಲಿ ಓದಿದವರು, ಹಬ್ಬದೂಟದಲ್ಲಿ ಉಳಿದ ಟರ್ಕಿ ಕೋಳಿ ಮೇಲೆ ಮೊದಲ ಪ್ರಯೋಗ. ಅಮ್ಮನಿಗೆ ಮಾಂಸದ ಭಾಗ ಇಷ್ಟ ಆಗಲಿಲ್ಲ, ಮದ್ರಾಸ್ ಕೇಳಿ ಸಮಾಧಾನ ಆಯ್ತು.

ಆಪರೇಷನ್ ದಿನ ಸಂಜೆ ತನಕ ಕಣ್ಣು ಉರಿ, ನೀರು, ಬೆಳಿಗ್ಗೆ ಎದ್ದಾಗ ಗೋಡೆ ಕ್ಯಾಲೆಂಡರ್ ತಿಥಿ ಸಮೇತ ಓದಿದ್ಲು, ಆ ಖುಷಿ ನಿಜ, ಯಾರೂ ಸುಮ್ನೆ ಹೇಳಲ್ಲ. ಆದ್ರೆ ಆಮೇಲಿನ ತಿಂಗಳುಗಳನ್ನೂ ಹೇಳ್ಬೇಕು. ಲ್ಯಾಪ್‌ಟಾಪ್ ಮುಂದೆ ಕೂತ್ರೆ ಕಣ್ಣು ಒಣಗೋದು, ಮರಳು ಬಿದ್ದ ಹಾಗೆ ಚುಚ್ಚೋದು, ಬ್ಯಾಗಲ್ಲಿ ಯಾವಾಗ್ಲೂ ಡ್ರಾಪ್ಸ್. ಫ್ಲಾಪ್ ಕತ್ತರಿಸೋವಾಗ ಕಾರ್ನಿಯಾದ ನರಗಳೂ ತುಂಡಾಗ್ತವೆ, ಅವು ಮತ್ತೆ ಬೆಳೆಯೋಕೆ ತಿಂಗಳುಗಳೇ ಬೇಕು. ರಾತ್ರಿ ತುಮಕೂರು ರೋಡಲ್ಲಿ ಎದುರು ಬರೋ ಲಾರಿ ಲೈಟಿನ ಸುತ್ತ ಬಳೆ ಥರ ಬೆಳಕು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ನಡೆಸಿದ ಪ್ರೌಲ್ ಅಧ್ಯಯನದಲ್ಲೂ ಇದೇ ಇದೆ, ಮೊದಲು ಈ ಬಳೆ ಕಾಣದೆ ಇದ್ದವರಲ್ಲಿ 40% ತನಕ ಜನಕ್ಕೆ ಮೂರು ತಿಂಗಳಲ್ಲಿ ಕಾಣಿಸ್ತಿತ್ತು, ಮೊದಲು ಒಣಗಣ್ಣು ಇಲ್ಲದಿದ್ದವರಲ್ಲಿ 28% ತನಕ ಜನಕ್ಕೆ ಅದು ಬಂದಿತ್ತು, ಕಾಣೋದ್ರಲ್ಲಿನ ಇಂಥ ತೊಂದ್ರೆಯಿಂದ ದಿನದ ಕೆಲಸಕ್ಕೇ ತುಂಬಾ ಕಷ್ಟ ಆದವರು 1%ಗಿಂತ ಕಮ್ಮಿ, ತಮ್ಮ ದೃಷ್ಟಿ ಬಗ್ಗೆ ಖುಷಿಯಾಗಿದ್ದೋರು 95%ಗಿಂತ ಜಾಸ್ತಿ. ಇವೆಲ್ಲ ಒಟ್ಟಿಗೆ ನಿಜ. ಕಾರ್ಡಲ್ಲಿ ಕೊನೇದನ್ನ ಮಾತ್ರ ದೊಡ್ಡದಾಗಿ ಹಾಕ್ತಾರೆ, ಎಲ್ಲವನ್ನೂ ಕೂತು ಹೇಳೋ ಡಾಕ್ಟರ್ ಸಿಕ್ಕಿದ್ರೆ ಬಿಡ್ಬೇಡಿ. ತಂಗಿಗೆ ಈಗ ಬಳೆ ತುಂಬಾ ಕಮ್ಮಿ ಆಗಿದೆ, ಡ್ರಾಪ್ಸ್ ಇನ್ನೂ ಇದೆ, ಅವಳಿಗೆ ಬೇಜಾರಿಲ್ಲ.

ನಲವತ್ತರ ಹತ್ತಿರ ಇರೋರು ಇನ್ನೊಂದು ವಿಷ್ಯ ಯೋಚಿಸಿ. ನಮ್ಮಪ್ಪನಿಗೂ ಮೈನಸ್, ಈ ವಯಸ್ಸಲ್ಲೂ ಕನ್ನಡಕ ತೆಗೆದು ಪೇಪರ್ ಆರಾಮಾಗಿ ಓದ್ತಾರೆ. ಲೇಸಿಕ್‌ನಲ್ಲಿ ದೂರದ್ದು ಪೂರ್ತಿ ಸರಿಮಾಡಿಸಿದ್ರೆ ಆ ಅನುಕೂಲ ಹೋಗುತ್ತೆ, ಓದೋ ಕನ್ನಡಕ ಬರುತ್ತೆ.

ಚಿಕ್ಕಮ್ಮ ಒಬ್ಬರು ಕೇಳಿದ ಪ್ರಶ್ನೆ, ಲೇಸಿಕ್ ಆದವರು ಕಣ್ಣು ದಾನ ಮಾಡಬಹುದಾ ಅಂತ. 2021ರಲ್ಲಿ ಪುನೀತ್ ರಾಜ್‌ಕುಮಾರ್ ಹೋದಾಗ ನಮ್ಮನೇಲಿ ಎಲ್ಲರೂ ನೇತ್ರದಾನಕ್ಕೆ ಹೆಸರು ಬರೆಸಿದ್ವಿ, ಅವರ ಕಾರ್ನಿಯಾಗಳನ್ನ ಮುಂದಿನ ಪದರ ಹಿಂದಿನ ಪದರ ಅಂತ ಬಿಡಿಸಿ ನಾಲ್ಕು ಜನಕ್ಕೆ ಹಾಕಿದ್ದು ಎಲ್ಲರಿಗೂ ಗೊತ್ತು. ಲೇಸಿಕ್ ಆಗಿರೋ ಕಣ್ಣಲ್ಲಿ ಮುಂದಿನ ಪದರ ಕೆಲಸಕ್ಕೆ ಬರಲ್ಲ, ಹಿಂದಿನ ಪದರ ಬರುತ್ತೆ, ಹಾಗಾಗಿ ದಾನ ಮಾಡಬಹುದು, ಮನೆಯವರು ಆಪರೇಷನ್ ಆಗಿತ್ತು ಅಂತ ಐ ಬ್ಯಾಂಕಿಗೆ ಹೇಳ್ಬೇಕು.

ರೇಟಿಂಗ್ ಅಂತ ಕೇಳಿದ್ರೆ ಎರಡನೇ ಕಡೆಯ ವರ್ಕಪ್‌ಗೆ ಐದಕ್ಕೆ ಐದು, ಕಾಯಿಸಿದ್ದಕ್ಕೂ ಕಮ್ಮಿ ಮಾಡಲ್ಲ. ಮೊದಲನೇ ಕಡೆಗೆ ಒಂದು. ಎರಡನೇ ಕಡೆ ಇಬ್ಬರ ಸ್ಕ್ಯಾನ್ ಪ್ರಿಂಟೂ ಕೇಳದೇನೇ ಕೈಗೆ ಕೊಟ್ರು, ಜೋಪಾನ ಅಂದ್ರು. ಮುಂದೆ ತಂಗಿಗೆ ವಯಸ್ಸಾಗಿ ಕಣ್ಣಿನ ಪೊರೆ ಬಂದಾಗ ಒಳಗೆ ಹಾಕೋ ಲೆನ್ಸಿನ ಪವರ್ ಲೆಕ್ಕ ಲೇಸಿಕ್ ಆದ ಕಣ್ಣಲ್ಲಿ ತಪ್ಪೋ ಸಾಧ್ಯತೆ ಇರುತ್ತೆ, ಆಪರೇಷನ್‌ಗೆ ಮುಂಚಿನ ಅಳತೆ ಇದ್ರೆ ಡಾಕ್ಟರ್‌ಗೆ ಸಹಾಯ, ಕಣ್ಣಿನ ಪ್ರೆಷರ್ ಕೂಡ ಇರೋದಕ್ಕಿಂತ ಕಮ್ಮಿ ತೋರಿಸುತ್ತೆ, ಗ್ಲಾಕೋಮಾ (ಕಣ್ಣಿನ ನರ ಹಾಳಾಗೋ ಕಾಯಿಲೆ) ನೋಡೋವಾಗ ಅದನ್ನ ಹೇಳ್ಬೇಕು. ಅವಳ ಫೈಲ್ ಸ್ಕ್ಯಾನ್ ಮಾಡಿ ಅವಳ ಮೇಲ್‌ಗೂ ನನ್ನ ಮೇಲ್‌ಗೂ ಹಾಕಿಟ್ಟಿದ್ದೀನಿ. ನಂದು ಮುಂದಿನ ಪೆಂಟಾಕ್ಯಾಮ್ ಯುಗಾದಿ ಆದ್ಮೇಲೆ, ಅಲ್ಲೀತನಕ ಅಲರ್ಜಿ ಡ್ರಾಪ್ಸ್ ಹಾಕ್ತೀನಿ, ಕಣ್ಣು ಉಜ್ಜೋದು ನಿಲ್ಸಿದ್ದೀನಿ, ಹೊಸ ಕನ್ನಡಕಕ್ಕೆ ಆರ್ಡರ್ ಕೊಟ್ಟಿದ್ದೀನಿ.